ಜನಮತಗಣನೆಯೋ ಶಾಸನಸಭೆಯೋ: ಸಲಿಂಗ ವಿವಾಹದ ಇತ್ತೀಚಿನ ಚರಿತ್ರೆಯ ಒಂದು ವಿಮರ್ಶೆ

2023ನೆಯ ಅಕ್ಟೋಬರ್ 17ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಸಲಿಂಗ ವಿವಾಹವನ್ನು ಕುರಿತ ತನ್ನ ತೀರ್ಪನ್ನು ಕೊಟ್ಟಿತು. ವಿವಾಹವಾಗುವುದು ರಾಜ್ಯಾಂಗದತ್ತವಾದ ಮೂಲಭೂತ ಹಕ್ಕಲ್ಲವೆಂದೂ, 1954ರ ವಿಶೇಷ ವಿವಾಹ ಕಾಯಿದೆಯನ್ನು ಒಂದೇ ಲಿಂಗದ ಇಬ್ಬರಿಗೆ ಅನ್ವಯಿಸುವಂತೆ ನ್ಯಾಯಾಲಯವೇ ತಿದ್ದಿ ಓದುವುದು ಸಾಧ್ಯವಿಲ್ಲವೆಂದೂ ಐವರೂ ಒಮ್ಮತದಿಂದ ಹೇಳಿದರು. ಈ ವಿಷಯದಲ್ಲಿ ಕಾಯಿದೆ ಮಾಡಬೇಕಾದದ್ದು ಪಾರ್ಲಿಮೆಂಟು ಎಂಬುದು ಆ ತೀರ್ಪಿನ ಫಲಿತಾರ್ಥ. ಅಲ್ಲಿಂದೀಚೆಗೆ ಕಾಲೇಜುಗಳ ಚರ್ಚಾಕೂಟಗಳಲ್ಲಿಯೂ ಅಧ್ಯಾಪಕರ ಕೊಠಡಿಗಳಲ್ಲಿಯೂ ಎರಡು ಅಭಿಪ್ರಾಯಗಳು ಪದೇ ಪದೇ ಕಿವಿಗೆ ಬೀಳುತ್ತಿವೆ. ಇವೆರಡೂ ಚರಿತ್ರೆಯನ್ನೇ ಸಾಕ್ಷಿಗೆ ಕರೆಯುವುದರಿಂದ, ಆ ಸಾಕ್ಷಿ ನಿಜವಾಗಿ ಏನು ಹೇಳುತ್ತದೆಂಬುದನ್ನು ಪರಿಶೀಲಿಸುವುದು ಚರಿತ್ರೆಯನ್ನು ಪಾಠ ಹೇಳುವವರ ಕರ್ತವ್ಯವೇ ಆಗಿದೆ.

ಮೊದಲನೆಯ ಅಭಿಪ್ರಾಯ ಹೀಗೆ: ವಿವಾಹವು ಸಮಾಜದ ಅಡಿಗಲ್ಲು, ಅದನ್ನು ಕೆಲವು ನೂರು ಸದಸ್ಯರು ಕೈಯೆತ್ತಿ ಬದಲಾಯಿಸುವುದಕ್ಕಿಂತ ಐರ್ಲೆಂಡಿನಲ್ಲಿ ಮಾಡಿದಂತೆ ಜನರನ್ನೇ ಕೇಳಿಬಿಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾರ್ಗ. ಎರಡನೆಯದು ಇದಕ್ಕೆ ನೇರ ವಿರುದ್ಧ: ಅಲ್ಪಸಂಖ್ಯಾತರ ಹಕ್ಕು ಬಹುಸಂಖ್ಯಾತರ ಮತದಿಂದ ಎಂದಿಗೂ ಗೆಲ್ಲದು, ಅಮೆರಿಕದ ಸಂಸ್ಥಾನಗಳಲ್ಲಿ ಸಾಲುಸಾಲಾಗಿ ಸೋತದ್ದೇ ಪ್ರಮಾಣ, ಆದಕಾರಣ ಶಾಸನಸಭೆಯೊಂದೇ ಗತಿ. ಪ್ರಕೃತ ಲೇಖಕನೂ ಬಹುಕಾಲ ಈ ಎರಡನೆಯ ಪಕ್ಷದಲ್ಲಿಯೇ ಇದ್ದವನು. ಬೇರೆ ಬೇರೆ ದೇಶಗಳ ಘಟನೆಗಳನ್ನು ವರ್ಷವಾರು ಜೋಡಿಸಿ ನೋಡಿದ ಮೇಲೆ ಎರಡು ಪಕ್ಷಗಳೂ ಪ್ರಶ್ನೆಯನ್ನು ತಪ್ಪು ಸ್ಥಳದಲ್ಲಿ ನಿಲ್ಲಿಸಿವೆಯೆಂದು ತೋರಿತು. ಜನರೋ ಸಭೆಯೋ ಎಂಬುದಕ್ಕಿಂತ ಪ್ರಶ್ನೆಯನ್ನು ಕೇಳಿದವರಾರು, ಕೇಳುವ ಮುನ್ನ ಅವರು ತಾವು ಏನು ಮಾಡಿದ್ದರು, ಉತ್ತರ ಬಂದ ಮರುದಿನ ಹೊಣೆ ಯಾರ ತಲೆಯ ಮೇಲಿತ್ತು ಎಂಬ ಮೂರು ಸಂಗತಿಗಳೇ ಹೆಚ್ಚಿನ ಮಟ್ಟಿಗೆ ಫಲವನ್ನು ನಿರ್ಧರಿಸಿವೆ.

ಐರ್ಲೆಂಡಿನಿಂದಲೇ ಆರಂಭಿಸೋಣ. 2015ನೆಯ ಮೇ 22ರಂದು ಆ ದೇಶದ ಮತದಾರರು ಇಬ್ಬರು ವ್ಯಕ್ತಿಗಳು ಲಿಂಗಭೇದವಿಲ್ಲದೆ ವಿವಾಹವಾಗಬಹುದೆಂಬ ತಿದ್ದುಪಡಿಯನ್ನು ತಮ್ಮ ರಾಜ್ಯಾಂಗಕ್ಕೆ ಸೇರಿಸಿದರು. ಮತ ಹಾಕಿದವರು ಶೇಕಡ 60ಕ್ಕೆ ಸ್ವಲ್ಪ ಮೇಲೆ. ಅವರಲ್ಲಿ ಪರವಾಗಿ 12,01,607 ಮಂದಿ, ಎಂದರೆ ಶೇಕಡ 62. ಇದ್ದ 43 ಮತಕ್ಷೇತ್ರಗಳಲ್ಲಿ ರಾಸ್ಕಾಮನ್ ಮತ್ತು ದಕ್ಷಿಣ ಲೀಟ್ರಿಮ್ ಸೇರಿದ ಒಂದು ಕ್ಷೇತ್ರವನ್ನು ಬಿಟ್ಟು ಉಳಿದೆಲ್ಲವೂ ಒಪ್ಪಿದವು. ಕ್ಯಾಥೊಲಿಕ್ ಮತದ ಪ್ರಭಾವ ಅಷ್ಟು ಗಾಢವಾಗಿದ್ದ ನಾಡಿನಲ್ಲಿ ಇಂಥ ಫಲಿತಾಂಶ ಬಂದದ್ದನ್ನು ಕಂಡು ಲೋಕವು ವಿಸ್ಮಯಪಟ್ಟದ್ದು ಸಹಜ. ಜನರನ್ನು ನಂಬಿದರೆ ಜನರು ಕೈಬಿಡರು ಎಂಬ ಮಾತು ಹುಟ್ಟಿದ್ದೂ ಅಂದೇ.

ಆದರೆ ಐರ್ಲೆಂಡಿನ ಸರ್ಕಾರವು ಈ ಮಾರ್ಗವನ್ನು ಹಲವು ಮಾರ್ಗಗಳ ನಡುವೆ ಆರಿಸಿಕೊಂಡದ್ದಲ್ಲ. ಆ ದೇಶದ 1937ರ ರಾಜ್ಯಾಂಗದ 46ನೆಯ ವಿಧಿಯಂತೆ ಯಾವ ತಿದ್ದುಪಡಿಯೇ ಆಗಲಿ ಮೊದಲು ಪಾರ್ಲಿಮೆಂಟಿನ ಎರಡು ಸದನಗಳಲ್ಲಿಯೂ ಮಸೂದೆಯಾಗಿ ಅಂಗೀಕೃತವಾಗಬೇಕು, ಆ ಬಳಿಕ ಜನರ ಮುಂದೆ ಹೋಗಬೇಕು. ವಿವಾಹ ಸಂಸ್ಥೆಯನ್ನು ವಿಶೇಷ ಎಚ್ಚರದಿಂದ ಕಾಪಾಡುವುದಾಗಿ ಅದೇ ರಾಜ್ಯಾಂಗದ 41ನೆಯ ವಿಧಿ ವಚನ ಕೊಡುತ್ತದೆ. ಕೆನಡಾದಲ್ಲಿ ವಿವಾಹವಾಗಿದ್ದ ಕ್ಯಾಥರೀನ್ ಜಪೋನ್ ಮತ್ತು ಅವರ ಸಂಗಾತಿ ತಮ್ಮ ವಿವಾಹವನ್ನು ಮನ್ನಿಸಬೇಕೆಂದು ಹೂಡಿದ ದಾವೆಯನ್ನು 2006ರಲ್ಲಿ ಉಚ್ಚ ನ್ಯಾಯಾಲಯವು ತಳ್ಳಿಹಾಕಿದ ಮೇಲೆ, ರಾಜ್ಯಾಂಗವನ್ನು ಮುಟ್ಟದೆ ಈ ಕಾರ್ಯವಾಗದೆಂಬ ಅಭಿಪ್ರಾಯವು ಬಲವಾಯಿತು. ಜನಮತಗಣನೆಯು ಅಲ್ಲಿ ದಾರಿಯ ಕಡೆಯ ಬಾಗಿಲು. ಆ ಬಾಗಿಲನ್ನು ಮುಟ್ಟುವವರೆಗೆ ನಡೆದದ್ದು ಇಪ್ಪತ್ತೆರಡು ವರ್ಷಗಳ ಶಾಸನದ ದಾರಿ.

ಆ ದಾರಿಯನ್ನು ನಮ್ಮ ಚರ್ಚೆಗಳಲ್ಲಿ ಯಾರೂ ನೆನೆಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಪುರುಷರ ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ ಹಳೆಯ ಬ್ರಿಟಿಷ್ ಕಾಯಿದೆಗಳ ವಿರುದ್ಧ ಡೇವಿಡ್ ನಾರಿಸ್ ಎಂಬ ವಿದ್ವಾಂಸರು ಹೂಡಿದ ಮೊಕದ್ದಮೆ 1983ರಲ್ಲಿ ಐರ್ಲೆಂಡಿನ ಶ್ರೇಷ್ಠ ನ್ಯಾಯಾಲಯದಲ್ಲಿ ಬಿದ್ದುಹೋಯಿತು. 1988ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದಿತು. ಪಾರ್ಲಿಮೆಂಟು ಕಾಯಿದೆಯನ್ನು ಬದಲಾಯಿಸಿದ್ದು 1993ರಲ್ಲಿ. 2010ರಲ್ಲಿ ನೋಂದಾಯಿತ ಸಹಜೀವನದ ಕಾಯಿದೆ ಬಂದಿತು. 2012ರ ಕೊನೆಯಲ್ಲಿ ಕಲೆತ ರಾಜ್ಯಾಂಗ ಸಮಾವೇಶದಲ್ಲಿ ಅಧ್ಯಕ್ಷರೂ ಸೇರಿ 100 ಮಂದಿ ಇದ್ದರು. ಅವರಲ್ಲಿ 66 ಮಂದಿ ಚೀಟಿಯೆತ್ತಿದಂತೆ ಆರಿಸಿದ ಸಾಮಾನ್ಯ ಪ್ರಜೆಗಳು, 33 ಮಂದಿ ರಾಜಕಾರಣಿಗಳು. ಇವರು ಪರವಾದಿಗಳನ್ನೂ ವಿರೋಧಿಗಳನ್ನೂ ಕರೆಯಿಸಿ ಕೇಳಿ, ಮೇಜುಗಳ ಸುತ್ತ ಕುಳಿತು ಚರ್ಚಿಸಿ, 2013ರ ಏಪ್ರಿಲಿನಲ್ಲಿ ಶೇಕಡ 79ರ ಮತದಿಂದ ತಿದ್ದುಪಡಿಯನ್ನು ಶಿಫಾರಸು ಮಾಡಿದರು. ಇನ್ನೂ ಒಂದು ಸಂಗತಿಯುಂಟು. ಮಕ್ಕಳ ಪಾಲನೆ ಮತ್ತು ದತ್ತು ಸ್ವೀಕಾರದ ವಿಷಯವಾಗಿ ಪಾರ್ಲಿಮೆಂಟು 2015ರ ವಸಂತದಲ್ಲಿಯೇ, ಮತದಾನಕ್ಕೆ ವಾರಗಳ ಮುನ್ನ, ಬೇರೊಂದು ಕಾಯಿದೆಯನ್ನು ಮಾಡಿ ಮುಗಿಸಿತ್ತು. ವಿರೋಧಿಗಳ ಭಿತ್ತಿಪತ್ರಗಳಲ್ಲಿ ಮಗುವಿನ ಚಿತ್ರವೇ ಪ್ರಧಾನವಾಗಿತ್ತೆಂಬುದು ನಿಜ. ಆದರೆ ಆ ಪ್ರಶ್ನೆಗೆ ಶಾಸನವು ಮೊದಲೇ ಉತ್ತರ ಕೊಟ್ಟಿದ್ದುದರಿಂದ ಮತಪತ್ರದ ಮೇಲೆ ಉಳಿದದ್ದು ವಿವಾಹವೊಂದೇ.

ಅಂದೇ, ಅದೇ ಮತಗಟ್ಟೆಗಳಲ್ಲಿ, ಅದೇ ಮತದಾರರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಾಯಿತು: ಅಧ್ಯಕ್ಷ ಪದವಿಗೆ ನಿಲ್ಲುವವರ ಕನಿಷ್ಠ ವಯಸ್ಸನ್ನು 35ರಿಂದ 21ಕ್ಕೆ ಇಳಿಸಬಹುದೆ? ಶೇಕಡ 73ರಷ್ಟು ಮಂದಿ ಕೂಡದೆಂದರು. ಜನರಿಗೆ ಹೊಸತನದ ಹುಚ್ಚು ಹಿಡಿದಿತ್ತೆಂದು ಹೇಳುವವರು ಇದನ್ನು ಗಮನಿಸಬೇಕು. ಯಾರೂ ಮುಂಚಿತವಾಗಿ ಶ್ರಮಪಟ್ಟು ಜನರ ಮುಂದೆ ವಾದಿಸದ ಪ್ರಶ್ನೆಗೆ ಜನರು ಇರುವುದೇ ಇರಲಿ ಎಂದು ಉತ್ತರಿಸುತ್ತಾರೆ.

ಐರ್ಲೆಂಡಿನ ದೃಷ್ಟಾಂತಕ್ಕೆ ಒಂದು ಪ್ರತಿ ದೃಷ್ಟಾಂತವು ಅದೇ ದ್ವೀಪದಲ್ಲಿ, ಅದೇ ವರ್ಷದಲ್ಲಿ ದೊರೆಯುತ್ತದೆ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಶಾಸನಸಭೆಯು ಈ ಪ್ರಶ್ನೆಯನ್ನು ನಾಲ್ಕು ಬಾರಿ ತಿರಸ್ಕರಿಸಿ, ಐದನೆಯ ಬಾರಿ, 2015ರ ನವೆಂಬರಿನಲ್ಲಿ, ಅತ್ಯಲ್ಪ ಬಹುಮತದಿಂದ ಒಪ್ಪಿತು. ಪರವಾಗಿ ಬಂದ ಮತಗಳು 53. ಆದರೂ ನಿರ್ಣಯವು ಬಿದ್ದುಹೋಯಿತು. 1998ರ ಶಾಂತಿ ಒಪ್ಪಂದದಲ್ಲಿ, ಎರಡು ಕೋಮುಗಳಲ್ಲಿ ಒಂದು ಇನ್ನೊಂದನ್ನು ತುಳಿಯದಿರಲೆಂದು, 30 ಮಂದಿ ಸದಸ್ಯರು ಸಹಿ ಮಾಡಿದರೆ ಸರಳ ಬಹುಮತವು ಸಾಲದಾಗುವ ಒಂದು ಏರ್ಪಾಡನ್ನು ಮಾಡಲಾಗಿತ್ತು. ಸಭೆಯ ಅತಿ ದೊಡ್ಡ ಪಕ್ಷವು ಅದನ್ನು ಇಲ್ಲಿ ಪ್ರಯೋಗಿಸಿತು. ಅಲ್ಪಸಂಖ್ಯಾತರ ರಕ್ಷಣೆಗೆ ಮಾಡಿದ ಆಯುಧವು ಇನ್ನೊಂದು ಅಲ್ಪಸಂಖ್ಯಾತ ವರ್ಗದ ಮೇಲೆ ಬಿದ್ದಿತು. ಮುಂದೆ 2017ರ ಜನವರಿಯಿಂದ ಮೂರು ವರ್ಷ ಆ ಸಭೆಯೇ ಕಲೆಯದೆ ಹೋದಾಗ, ಲಂಡನ್ನಿನ ಪಾರ್ಲಿಮೆಂಟು 2019ರಲ್ಲಿ ಕಾಯಿದೆ ಮಾಡಿತು. ಅದು 2020ರ ಜನವರಿ 13ರಂದು ಜಾರಿಗೆ ಬಂದಿತು. ಗಡಿಯ ದಕ್ಷಿಣದಲ್ಲಿ ಜನರ ಮತ ಗೆದ್ದಿತು, ಉತ್ತರದಲ್ಲಿ ಪ್ರತಿನಿಧಿಗಳ ಬಹುಮತ ಸೋತಿತು. ಶಾಸನಸಭೆಯೇ ಅಲ್ಪಸಂಖ್ಯಾತರ ಆಶ್ರಯವೆಂಬ ಎರಡನೆಯ ಪಕ್ಷದವರು ಇದಕ್ಕೆ ಏನು ಸಮಾಧಾನ ಹೇಳುವರೋ ತಿಳಿಯದು.

ಆ ಪಕ್ಷದವರ ಮುಖ್ಯ ಆಧಾರವು ಅಮೆರಿಕವಾದ್ದರಿಂದ ಅಲ್ಲಿಗೆ ಹೋಗೋಣ. 1998ರಿಂದ 2012ರ ಮೇ ತಿಂಗಳವರೆಗೆ ಅಲ್ಲಿನ ಮೂವತ್ತು ಸಂಸ್ಥಾನಗಳ ಮತದಾರರು ಸಲಿಂಗ ವಿವಾಹವನ್ನು ತಡೆಯುವ ತಿದ್ದುಪಡಿಗಳಿಗೆ ಸಮ್ಮತಿ ಕೊಟ್ಟರು. 2004ರ ನವೆಂಬರ್ 2ರ ಒಂದೇ ದಿನ ಹನ್ನೊಂದು ಸಂಸ್ಥಾನಗಳಲ್ಲಿ ಇದು ನಡೆಯಿತು. ಸೋಲಿನ ಸಾಲು ಸುಳ್ಳಲ್ಲ. ಆದರೆ ಆ ತಿದ್ದುಪಡಿಗಳಲ್ಲಿ ಬಹುಪಾಲನ್ನು ಜನರ ಮುಂದೆ ಇಟ್ಟವರು ಯಾರು? ಶಾಸನಸಭೆಗಳೇ. ನ್ಯಾಯಾಲಯಗಳು ಮುಂದೆ ಏನು ತೀರ್ಪು ಕೊಡುವುವೋ ಎಂಬ ಭಯದಿಂದ, ಅವುಗಳ ಬಾಯಿ ಕಟ್ಟುವುದಕ್ಕಾಗಿಯೇ ಪ್ರಶ್ನೆಗಳನ್ನು ರಚಿಸಲಾಗಿತ್ತು. ಇಂಥ ಕಡೆ ಜನರನ್ನೂ ಸಭೆಯನ್ನೂ ಎರಡು ಎದುರು ಪಕ್ಷಗಳೆಂದು ಬಗೆಯುವುದು ಸರಿಯಲ್ಲ.

ಹವಾಯಿ ಸಂಸ್ಥಾನದ ಕಥೆ ವಿನೋದಕರವಾಗಿದೆ. ಅಲ್ಲಿನ ನ್ಯಾಯಾಲಯವು 1993ರಲ್ಲಿ ಸಲಿಂಗ ದಂಪತಿಗಳ ಪರವಾಗಿ ಒಲಿದದ್ದರಿಂದ ಗಾಬರಿಯಾಗಿ, 1998ರಲ್ಲಿ ಒಂದು ತಿದ್ದುಪಡಿಯನ್ನು ತಂದರು. ಅದು ವಿವಾಹವನ್ನು ಸ್ತ್ರೀಪುರುಷರಿಗೆ ಮೀಸಲಿಡುವ ಅಧಿಕಾರವನ್ನು ಶಾಸನಸಭೆಗೆ ಕೊಟ್ಟಿತು, ಮೀಸಲಿಡಲೇಬೇಕೆಂದು ಹೇಳಲಿಲ್ಲ. ಶೇಕಡ 69ರಷ್ಟು ಮಂದಿ ಒಪ್ಪಿದರು. ಹದಿನೈದು ವರ್ಷಗಳ ಮೇಲೆ, 2013ರಲ್ಲಿ, ಅದೇ ಶಾಸನಸಭೆಯು ವಿಶೇಷ ಅಧಿವೇಶನದಲ್ಲಿ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿತು!

ಕ್ಯಾಲಿಫೋರ್ನಿಯದಲ್ಲಿ ನಡೆದದ್ದು ವಿನೋದವಲ್ಲ. ಅಲ್ಲಿನ ಶಾಸನಸಭೆಯು 2005ರಲ್ಲಿಯೂ 2007ರಲ್ಲಿಯೂ ಮಸೂದೆಯನ್ನು ಅಂಗೀಕರಿಸಿತು. ಗವರ್ನರ್ ಶ್ವಾರ್ಜನೆಗರ್ ಎರಡು ಸಲವೂ ಸಹಿ ಹಾಕದೆ ಹಿಂದಿರುಗಿಸಿದರು. 2000ದಲ್ಲಿ ಜನರು ಮತಕೊಟ್ಟು ಮಾಡಿದ ಕಾಯಿದೆಯನ್ನು ಸಭೆ ಮೀರಲಾಗದು, ಇದನ್ನು ತೀರ್ಮಾನಿಸಬೇಕಾದವರು ನ್ಯಾಯಾಲಯ ಅಥವಾ ಜನರು ಎಂಬುದು ಅವರ ನಿಲುವು. 2008ರ ಮೇ ತಿಂಗಳಲ್ಲಿ ನ್ಯಾಯಾಲಯ ತೀರ್ಮಾನಿಸಿತು. ನವೆಂಬರ್ 4ರಂದು ಜನರು ಶೇಕಡ 52ರ ಮತದಿಂದ ಅದನ್ನು ಅಳಿಸಿದರು. ಈ ನಡುವಣ ಐದು ತಿಂಗಳಲ್ಲಿ ಸುಮಾರು 18,000 ಜೋಡಿಗಳು ವಿವಾಹವಾಗಿದ್ದವು. ತಮ್ಮ ವಿವಾಹ ಉಳಿಯಿತೋ ಇಲ್ಲವೋ ಎಂದು ಅವರು 2009ರ ಮೇ 26ರವರೆಗೆ ಕಾಯಬೇಕಾಯಿತು. ಅಂದು ನ್ಯಾಯಾಲಯವು ಹಿಂದೆ ಆದ ವಿವಾಹಗಳು ಊರ್ಜಿತ, ಮುಂದೆ ಆಗತಕ್ಕವು ಇಲ್ಲ ಎಂದಿತು. ಒಂದೇ ಬೀದಿಯಲ್ಲಿ ಅಕ್ಟೋಬರಿನಲ್ಲಿ ಮದುವೆಯಾದವರು ದಂಪತಿಗಳು, ಡಿಸೆಂಬರಿನಲ್ಲಿ ಆಗಬೇಕೆಂದಿದ್ದವರು ಅಲ್ಲ. ರಾಜ್ಯಶಾಸ್ತ್ರದ ಗ್ರಂಥಗಳು ಜನಮತಗಣನೆಯನ್ನು ಕುರಿತು ಎಷ್ಟೋ ಬರೆಯುತ್ತವೆ. ಹೀಗೆ ನಡುವೆ ಸಿಕ್ಕಿಕೊಂಡವರ ಆ ಆರು ತಿಂಗಳನ್ನು ಕುರಿತು ಬರೆಯುವುದು ಕಡಮೆ.

ಈ ಸಾಲಿನಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಅತ್ಯಂತ ಉಪಯುಕ್ತವಾದದ್ದು ಮೇಯ್ನ್ ಎಂಬ ಸಣ್ಣ ಸಂಸ್ಥಾನ. 2009ರ ಮೇ 6ರಂದು ಅಲ್ಲಿನ ಶಾಸನಸಭೆಯು ಸಲಿಂಗ ವಿವಾಹದ ಮಸೂದೆಯನ್ನು ಅಂಗೀಕರಿಸಿತು, ಗವರ್ನರು ಅಂದೇ ಸಹಿ ಹಾಕಿದರು. ವಿರೋಧಿಗಳು ಸಹಿಗಳನ್ನು ಕೂಡಿಸಿ ಜನರ ಮತಕ್ಕೆ ಒಯ್ದರು; ನವೆಂಬರ್ 3ರಂದು ಸುಮಾರು ಶೇಕಡ 53 ಮಂದಿ ಕಾಯಿದೆಯನ್ನು ಅಳಿಸಿದರು. ಮೂರು ವರ್ಷಗಳ ಬಳಿಕ, 2012ರ ನವೆಂಬರ್ 6ರಂದು, ಈ ಬಾರಿ ಪರವಾದಿಗಳೇ ಪ್ರಶ್ನೆಯನ್ನು ಜನರ ಮುಂದೆ ಇಟ್ಟರು. ಸುಮಾರು ಶೇಕಡ 53 ಮಂದಿ ಒಪ್ಪಿದರು. ಶೇಕಡಾಂಶವನ್ನು ಮಾತ್ರ ನೋಡಿದವರಿಗೆ ಜನರು ಮನಸ್ಸು ಬದಲಾಯಿಸಿದರೆಂದು ತೋರುವುದು. ಮತಗಳನ್ನೇ ಎಣಿಸಿದರೆ ಚಿತ್ರ ಬೇರೆ. ವಿರೋಧದ ಮತಗಳು 2009ರಲ್ಲಿ 3 ಲಕ್ಷದಷ್ಟು. 2012ರಲ್ಲಿ ಅವು ತಗ್ಗಲಿಲ್ಲ, 3 ಲಕ್ಷ 30 ಸಾವಿರವನ್ನು ದಾಟಿದವು. ಪರವಾದ ಮತಗಳು 2 ಲಕ್ಷ 68 ಸಾವಿರದಿಂದ 3 ಲಕ್ಷ 70 ಸಾವಿರದ ಮೇಲಕ್ಕೆ ಏರಿದವು. ಮೊದಲನೆಯದು ಅಧ್ಯಕ್ಷರ ಚುನಾವಣೆಯಿಲ್ಲದ ವರ್ಷ, ಎರಡನೆಯದು ಅಧ್ಯಕ್ಷರ ಚುನಾವಣೆಯ ದಿನ. ಕಾರ್ಯಕರ್ತರು ಮನೆಮನೆಗೆ ಹೋಗಿ ಮಾತನಾಡಿ ಹಲವರನ್ನು ಒಲಿಸಿಕೊಂಡದ್ದು ದಿಟವೇ ಆದರೂ, ಎರಡು ದಿನಗಳಲ್ಲಿ ಮತಗಟ್ಟೆಗೆ ಬಂದ ‘ಜನ’ ಒಂದೇ ಜನವಲ್ಲವೆಂಬುದನ್ನು ಮರೆಯಲಾಗದು. ಜನತೆಯ ತೀರ್ಪು ಎಂದು ನಾವು ಗಂಭೀರವಾಗಿ ಕರೆಯುವುದರಲ್ಲಿ ದಿನಾಂಕದ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಈ ವಿಷಯದಲ್ಲಿ ದೊರೆಯದು.

ಸ್ಲೊವೇನಿಯ ದೇಶದಲ್ಲಿ ಇದೇ ಸಂಗತಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. 2015ರ ಮಾರ್ಚಿಯಲ್ಲಿ ಅಲ್ಲಿನ ರಾಷ್ಟ್ರಸಭೆಯು 28ರ ವಿರುದ್ಧ 51 ಮತಗಳಿಂದ ಮಸೂದೆಯನ್ನು ಒಪ್ಪಿತು. ಮಾನವ ಹಕ್ಕುಗಳ ವಿಷಯದಲ್ಲಿ ರಾಜ್ಯಾಂಗ ವಿರುದ್ಧವಾದ ಸ್ಥಿತಿಯನ್ನು ಸರಿಪಡಿಸುವ ಕಾಯಿದೆಯ ಮೇಲೆ ಜನಮತಗಣನೆ ಕೂಡದೆಂಬ ನಿಯಮವು 2013ರಲ್ಲಿಯೇ ಬಂದಿದ್ದುದರಿಂದ ಸಭೆಯು ಮತದಾನವನ್ನು ತಡೆಯಲೆತ್ನಿಸಿತು. ಅಂಥ ಸ್ಥಿತಿ ಇದೆಯೆಂದು ನಿರ್ಣಯಿಸುವ ಅಧಿಕಾರ ಸಭೆಗೆ ಇಲ್ಲವೆಂದು ರಾಜ್ಯಾಂಗ ನ್ಯಾಯಾಲಯವು ಆ ತಡೆಯನ್ನು ತೆಗೆದುಹಾಕಿತು. ಡಿಸೆಂಬರ್ 20ರಂದು ಮತ ಹಾಕಿದವರು ನೂರಕ್ಕೆ 36 ಮಂದಿ. ಅವರಲ್ಲಿ ಶೇಕಡ 63 ಮಂದಿ ಕಾಯಿದೆ ಬೇಡವೆಂದರು. ಎಂದರೆ ಒಟ್ಟು ಮತದಾರರಲ್ಲಿ ನೂರಕ್ಕೆ ಇಪ್ಪತ್ತಮೂರು ಮಂದಿಯ ಮಾತಿನಿಂದ ಕಾಯಿದೆ ಅಳಿಯಿತು. ಏಳು ವರ್ಷಗಳ ಮೇಲೆ, 2022ರಲ್ಲಿ, ಅದೇ ನ್ಯಾಯಾಲಯವು ಸ್ಥಿತಿಯು ರಾಜ್ಯಾಂಗ ವಿರುದ್ಧವೇ ಹೌದೆಂದಿತು. ಅಕ್ಟೋಬರಿನಲ್ಲಿ ಸಭೆಯು ಕಾಯಿದೆಯನ್ನು ತಿದ್ದಿತು. 2015ರಲ್ಲಿ ಇಲ್ಲದೆ 2022ರಲ್ಲಿ ಹುಟ್ಟಿದ ಹಕ್ಕು ಇದೇನಲ್ಲ. ಅದನ್ನು ಇದೆಯೆಂದು ಹೇಳುವವರು ಯಾರೆಂಬ ವಿವಾದದಲ್ಲಿ ಏಳು ವರ್ಷ ಕಳೆದವು.

ಇಷ್ಟರವರೆಗೆ ನೋಡಿದ ದೇಶಗಳಲ್ಲಿ ಜನಮತಗಣನೆಗೆ ಕಾನೂನಿನ ಆಧಾರವಾದರೂ ಇತ್ತು. ಆಸ್ಟ್ರೇಲಿಯದಲ್ಲಿ ಅದೂ ಇರಲಿಲ್ಲ. ಆ ದೇಶದ 1961ರ ವಿವಾಹ ಕಾಯಿದೆಯಲ್ಲಿ ವಿವಾಹವೆಂದರೆ ಸ್ತ್ರೀಪುರುಷರ ಸಂಯೋಗವೆಂಬ ವ್ಯಾಖ್ಯೆ ಇರಲಿಲ್ಲ. 2004ರಲ್ಲಿ ಪ್ರಧಾನಿ ಜಾನ್ ಹೊವರ್ಡರ ಸರ್ಕಾರವು ವಿರೋಧ ಪಕ್ಷದ ಬೆಂಬಲದೊಡನೆ ಆ ವ್ಯಾಖ್ಯೆಯನ್ನು ಸೇರಿಸಿತು. ಆಗ ಜನರನ್ನು ಯಾರೂ ಕೇಳಲಿಲ್ಲ. ವಿವಾಹವನ್ನು ವಿಸ್ತರಿಸುವ ಅಧಿಕಾರವೂ ಪಾರ್ಲಿಮೆಂಟಿಗೆ ಇದೆಯೆಂದು ಉಚ್ಚ ನ್ಯಾಯಾಲಯವು 2013ರಲ್ಲಿ ಸ್ಪಷ್ಟವಾಗಿ ಹೇಳಿತು. ಹೀಗಿದ್ದರೂ ವ್ಯಾಖ್ಯೆಯನ್ನು ತೆಗೆಯಬೇಕಾದಾಗ ಮಾತ್ರ ಜನರ ಅಪ್ಪಣೆ ಬೇಕೆಂಬ ವಾದ ಹುಟ್ಟಿತು. ಅದಕ್ಕಾಗಿ ತಂದ ಮಸೂದೆಯನ್ನು ಸೆನೆಟ್ ಸಭೆಯು 2016ರಲ್ಲಿ ತಿರಸ್ಕರಿಸಲು, ಸರ್ಕಾರವು 2017ರಲ್ಲಿ ಅಂಕಿಅಂಶಗಳ ಇಲಾಖೆಯ ಮೂಲಕ ಅಂಚೆಯಲ್ಲಿ ಅಭಿಪ್ರಾಯ ಸಂಗ್ರಹಿಸಿತು. ಜನಗಣತಿ ಮಾಡುವ ಇಲಾಖೆಗೆ ಈ ಕೆಲಸವೂ ಬಂದಿತೆನ್ನಬೇಕು. ಉತ್ತರಿಸಿದವರು ಶೇಕಡ 79.5, ಪರವಾಗಿ ಶೇಕಡ 61.6. ಫಲಿತಾಂಶವು ಪಾರ್ಲಿಮೆಂಟನ್ನು ಕಟ್ಟಿಹಾಕತಕ್ಕದ್ದೇನೂ ಆಗಿರಲಿಲ್ಲ. ಡಿಸೆಂಬರ್ 7ರಂದು ಕೆಳಮನೆಯಲ್ಲಿ ವಿರುದ್ಧವಾಗಿ ನಿಂತವರು ನಾಲ್ವರು. ಹಿಂದೆ ಪ್ರಧಾನಿಯಾಗಿದ್ದು ಈ ಬದಲಾವಣೆಗೆ ಬಲವಾದ ವಿರೋಧಿಯಾಗಿದ್ದ ಟೋನಿ ಅಬಟ್ಟರ ಕ್ಷೇತ್ರದಲ್ಲಿ ಶೇಕಡ 75 ಮಂದಿ ಪರವಾಗಿದ್ದರು. ಅವರು ಮತದ ವೇಳೆಗೆ ಸಭೆಯಿಂದ ಹೊರಗಿದ್ದರು. ಆಳುವ ಪಕ್ಷವು ತನ್ನೊಳಗಿನ ಜಗಳವನ್ನು ತೀರಿಸಿಕೊಳ್ಳಲಾರದೆ ಅದನ್ನು ದೇಶದ ಅಂಚೆಪೆಟ್ಟಿಗೆಗಳಿಗೆ ಹಂಚಿತೆಂದರೆ ಅತಿಶಯೋಕ್ತಿಯಾಗಲಾರದು. ಬಿಗಿಗೊಳಿಸಲು ಸಭೆ ಸಾಕು, ಸಡಿಲಿಸಲು ಜನತೆಯೇ ಬೇಕು ಎಂಬ ಈ ಅಸಮತೆಯನ್ನು ಐರ್ಲೆಂಡಿನ ಹೆಸರು ಹೇಳುವವರು ಗಮನಿಸಿದಂತೆ ಕಾಣುವುದಿಲ್ಲ.

ತೈವಾನಿನಲ್ಲಿ ನ್ಯಾಯಾಲಯ, ಜನಮತ, ಶಾಸನ ಮೂರೂ ಒಂದರ ಬೆನ್ನಿಗೊಂದು ಬಂದವು. 2017ರ ಮೇ 24ರಂದು ರಾಜ್ಯಾಂಗ ನ್ಯಾಯಾಲಯವು ತನ್ನ 748ನೆಯ ವ್ಯಾಖ್ಯಾನದಲ್ಲಿ ಎರಡು ವರ್ಷಗಳೊಳಗೆ ಕಾಯಿದೆ ಮಾಡಬೇಕೆಂದು ವಿಧಿಸಿತು. 2018ರ ನವೆಂಬರಿನ ಜನಮತಗಣನೆಯಲ್ಲಿ ಶೇಕಡ 72 ಮಂದಿ ನಾಗರಿಕ ಸಂಹಿತೆಯ ವಿವಾಹವು ಸ್ತ್ರೀಪುರುಷರಿಗೇ ಸೀಮಿತವಾಗಿರಬೇಕೆಂದರು. ತೀರ್ಪನ್ನು ಮೀರಲಾಗದು, ಜನಮತವನ್ನೂ ತಳ್ಳಲಾಗದು. ಶಾಸನಸಭೆಯು 2019ರ ಮೇ 17ರಂದು ಸಂಹಿತೆಯನ್ನು ಮುಟ್ಟದೆ ಬೇರೆ ಕಾಯಿದೆಯೊಂದನ್ನು ಮಾಡಿತು. ಆ ಕಾಯಿದೆಯ ಶೀರ್ಷಿಕೆಯಲ್ಲಿ ವಿವಾಹವೆಂಬ ಪದವೇ ಇಲ್ಲ; 748ನೆಯ ವ್ಯಾಖ್ಯಾನವನ್ನು ಜಾರಿಗೆ ತರುವ ಕಾಯಿದೆಯೆಂದಷ್ಟೇ ಅದರ ಹೆಸರು. ಪದವನ್ನು ಶೀರ್ಷಿಕೆಯಲ್ಲಿ ಅಡಗಿಸಿ, ವಿವಾಹದ ನೋಂದಣಿಯನ್ನು ಒಳಗಿನ ನಾಲ್ಕನೆಯ ವಿಧಿಯಲ್ಲಿ ಇಟ್ಟರು. ಇದು ಚಾತುರ್ಯವೇ ಹೌದು. ಆದರೆ ಚಾತುರ್ಯಕ್ಕೆ ಬೆಲೆ ತೆತ್ತವರು ಬೇರೆಯವರು. ದಂಪತಿಗಳು ಇಬ್ಬರೂ ಕೂಡಿ ಮಗುವನ್ನು ದತ್ತು ತೆಗೆದುಕೊಳ್ಳಬೇಕಾದರೆ 2023ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಜನಮತಗಣನೆಯಿಂದ ಬಂದ ಹಕ್ಕು ಗಟ್ಟಿಯಾಗಿ ನೆಲೆಗೊಳ್ಳುತ್ತದೆ, ಸೋತವರೂ ಅದನ್ನು ಒಪ್ಪುತ್ತಾರೆ ಎಂಬುದು ಮೊದಲನೆಯ ಪಕ್ಷದ ಪ್ರಬಲವಾದ ವಾದ. ಐರ್ಲೆಂಡಿನಲ್ಲಿ ಎಣಿಕೆ ಮುಗಿಯುವ ಮುನ್ನವೇ ವಿರೋಧಿಗಳ ಮುಖಂಡರು ಸೋಲನ್ನೊಪ್ಪಿ ಅಭಿನಂದಿಸಿದರು. ಇದು ಸಣ್ಣ ಲಾಭವಲ್ಲ. ಆದರೆ ನೆದರ್ಲೆಂಡ್ಸ್ ದೇಶದಲ್ಲಿ ಯಾವ ಜನಮತಗಣನೆಯೂ ಇಲ್ಲದೆ, 2000ದಲ್ಲಿ ಕೆಳಮನೆಯ 109 ಮತಗಳಿಂದ ಅಂಗೀಕೃತವಾಗಿ 2001ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾಯಿದೆಯೂ, ಸ್ಪೇನಿನಲ್ಲಿ 2005ರಲ್ಲಿ 187 ಮತಗಳಿಂದ ಬಂದ ಕಾಯಿದೆಯೂ ಅಷ್ಟೇ ಗಟ್ಟಿಯಾಗಿ ನಿಂತಿವೆ. ಸ್ವಿಟ್ಜರ್ಲೆಂಡಿನಲ್ಲಿ ಪಾರ್ಲಿಮೆಂಟು 2020ರ ಡಿಸೆಂಬರಿನಲ್ಲಿ ಮಾಡಿದ ಕಾಯಿದೆಯನ್ನು ವಿರೋಧಿಗಳು ಮತಕ್ಕೆ ಎಳೆದಾಗ 2021ರ ಸೆಪ್ಟೆಂಬರ್ 26ರಂದು ಶೇಕಡ 64 ಮಂದಿ ಅದನ್ನು ಎತ್ತಿ ಹಿಡಿದರು. 26 ಕ್ಯಾಂಟನ್ನುಗಳಲ್ಲಿ ಒಂದೂ ತಪ್ಪಲಿಲ್ಲ. ಇದನ್ನು ಜನಮತದ ಉದಾತ್ತತೆಗೆ ಸಾಕ್ಷಿಯೆಂದು ಕೊಂಡಾಡುವ ಮುನ್ನ ಅದೇ ದೇಶದ ಇನ್ನೊಂದು ಮತದಾನವನ್ನು ನೆನೆಯಬೇಕು. 1959ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಕೊಡಬಹುದೆ ಎಂದು ಕೇಳಿದಾಗ ಮೂರರಲ್ಲಿ ಎರಡು ಪಾಲು ಬೇಡವೆಂದಿತು. ಮತ ಹಾಕಿದವರೆಲ್ಲರೂ ಪುರುಷರು! ಆ ಹಕ್ಕು ಬಂದದ್ದು 1971ರಲ್ಲಿ. ಹಕ್ಕು ಉಳ್ಳವರು ಹಕ್ಕಿಲ್ಲದವರ ಪರವಾಗಿ ಒಂದು ದಿನ ಮತ ಹಾಕುವರೆಂಬುದು ಸತ್ಯ. ಆ ದಿನ ಎಂದು ಬರುವುದೆಂಬುದು ಹಕ್ಕಿಲ್ಲದವರ ಕೈಯಲ್ಲಿಲ್ಲ.

ಇನ್ನು ನಮ್ಮ ದೇಶದ ಮಾತು. ನಮ್ಮ ರಾಜ್ಯಾಂಗದಲ್ಲಿ ಕಾಯಿದೆಯನ್ನು ಜನಮತಗಣನೆಗೆ ಒಪ್ಪಿಸುವ ಏರ್ಪಾಡಿಲ್ಲ. ನಮ್ಮ ನೆರೆಯ ಗೋವೆಯಲ್ಲಿ 1967ರ ಜನವರಿ 16ರಂದು ನಡೆದ ಅಭಿಪ್ರಾಯ ಸಂಗ್ರಹಣೆ ಮಹಾರಾಷ್ಟ್ರಕ್ಕೆ ಸೇರುವುದೋ ಬೇಡವೋ ಎಂಬ ಪ್ರಾಂತದ ಪ್ರಶ್ನೆಗೆ ಸಂಬಂಧಿಸಿದ್ದು; ಅದಕ್ಕೂ ಪಾರ್ಲಿಮೆಂಟು ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ಕುಟುಂಬದ ಕಾಯಿದೆಗಳು ಇಲ್ಲಿ ಬದಲಾದದ್ದು ಬೇರೆ ದಾರಿಯಿಂದ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿದ್ದು ಹಿಂದೂ ಗೃಹಸ್ಥರನ್ನೆಲ್ಲ ಎಣಿಸಿ ನೋಡಿ ಅಲ್ಲ. ಮಂಗಳೂರಿನವರಾದ ಬೆನಗಲ್ ನರಸಿಂಗ ರಾಯರ ಅಧ್ಯಕ್ಷತೆಯ ಸಮಿತಿಯು 1940ರ ದಶಕದಲ್ಲಿ ದೇಶವನ್ನೆಲ್ಲ ಸುತ್ತಿ ಸಾಕ್ಷ್ಯ ಕೇಳಿ ಹಿಂದೂ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಆ ಮಸೂದೆ ಸಭೆಗೆ ಬಂದಾಗ ಕೇಳಿಬಂದ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಇಂದಿನ ಕಿವಿಗೂ ಹೊಸದಲ್ಲ: ವಯಸ್ಕ ಮತದಾನದಿಂದ ಚುನಾಯಿತವಾಗದ ಈ ತಾತ್ಕಾಲಿಕ ಪಾರ್ಲಿಮೆಂಟಿಗೆ ಇಂಥ ದೊಡ್ಡ ಬದಲಾವಣೆ ಮಾಡಲು ಜನರ ಅಪ್ಪಣೆಯಿಲ್ಲ. ರಾಷ್ಟ್ರಪತಿ ರಾಜೇಂದ್ರಪ್ರಸಾದರೂ ಇದನ್ನೇ ಹೇಳಿದರು. ಮಸೂದೆ ನಿಂತಿತು, 1951ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಚುನಾವಣೆಯಾದ ಮೇಲೆ ನೆಹರೂ ಮಂತ್ರಿಮಂಡಲವು ಅದನ್ನು ನಾಲ್ಕು ಕಾಯಿದೆಗಳಾಗಿ ಒಡೆದು 1955 ಮತ್ತು 1956ರಲ್ಲಿ ಅಂಗೀಕರಿಸಿತು. ಆ ಆಕ್ಷೇಪವನ್ನು ಕೇವಲ ನೆಪವೆಂದು ತಳ್ಳಲು ಈ ಲೇಖಕನು ಸಿದ್ಧನಲ್ಲ. ಅದಕ್ಕೊಂದು ಉತ್ತರವಿತ್ತು, ಉತ್ತರ ಕೊಡುವ ಹೊಣೆಯನ್ನು ಒಂದು ಮಂತ್ರಿಮಂಡಲವು ಕಡೆಗಾದರೂ ಹೊತ್ತಿತು.

2023ರ ತೀರ್ಪಿನ ಮೇಲೆ ಉಳಿದಿರುವ ಪ್ರಶ್ನೆಯೂ ಇದೇ. ವಿಚಾರಣೆಯ ಕಾಲದಲ್ಲಿ ಕೇಂದ್ರ ಸರ್ಕಾರವು ಇದು ಪಾರ್ಲಿಮೆಂಟಿನ ಅಧಿಕಾರಕ್ಕೆ ಸೇರಿದ್ದು, ನ್ಯಾಯಾಲಯ ಕೈಹಾಕಬಾರದು ಎಂದು ವಾದಿಸಿತು. ಆ ವಾದ ಗೆದ್ದಿತು. ವಾದವು ಅಧಿಕಾರವನ್ನು ಕುರಿತದ್ದೋ, ಆ ಅಧಿಕಾರವನ್ನು ನಡೆಸುವ ಮನಸ್ಸನ್ನೂ ಒಳಗೊಂಡದ್ದೋ ಎಂಬುದು ಬೇರೆ ಮಾತು. ಶಾಸನಸಭೆಯು ಇಂಥ ಮಸೂದೆಯನ್ನು ಚರ್ಚಿಸಿ ತಿರಸ್ಕರಿಸಿದರೆ ಯಾರು ಬೇಡವೆಂದರು, ಏಕೆ ಬೇಡವೆಂದರು ಎಂಬುದು ನಡಾವಳಿಯಲ್ಲಿ ಉಳಿಯುತ್ತದೆ. ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳಬಹುದು. ಉತ್ತರ ಐರ್ಲೆಂಡಿನಲ್ಲಿ ಐದು ಬಾರಿ ಮತವಾದುದರಿಂದಲೇ ಐದನೆಯ ಬಾರಿ ಬಹುಮತ ಬಂದಿತು. ಚರ್ಚೆಗೇ ಬಾರದ ವಿಷಯದಲ್ಲಿ ಯಾರನ್ನು ಕೇಳುವುದು?

ತೀರ್ಪಿಗೆ ಒಂದೂವರೆ ವರ್ಷ ಮುನ್ನ, 2022ರ ಏಪ್ರಿಲಿನಲ್ಲಿ, ಸುಪ್ರಿಯಾ ಸುಳೆ ಅವರು 1954ರ ಕಾಯಿದೆಯನ್ನು ತಿದ್ದುವ ಒಂದು ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಖಾಸಗಿ ಸದಸ್ಯರ ಮಸೂದೆಯೊಂದು ಎರಡು ಸದನಗಳಲ್ಲಿಯೂ ಅಂಗೀಕೃತವಾಗಿ ಕಾಯಿದೆಯಾದದ್ದು ನಮ್ಮ ದೇಶದಲ್ಲಿ 1970ರಲ್ಲಿಯೇ ಕೊನೆ. 2024ರ ಜೂನಿನಲ್ಲಿ ಹದಿನೇಳನೆಯ ಲೋಕಸಭೆ ವಿಸರ್ಜನೆಯಾಯಿತು. ಅಂಗೀಕಾರವಾಗದೆ ಉಳಿದ ಇತರ ಖಾಸಗಿ ಮಸೂದೆಗಳೊಡನೆ ಅದೂ ರದ್ದಾಯಿತು. ತೀರ್ಪನ್ನು ಪುನಃ ಪರಿಶೀಲಿಸಬೇಕೆಂದು ಸಲ್ಲಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ತಳ್ಳಿಹಾಕಿತು.